ಸಾಸಿವೆ ಡಬ್ಬಿಯ ನಂಬರು ಯಾರದು?

ನಮ್ಮಮ್ಮನ ಸಾಸಿವೆ ಡಬ್ಬಿಯಲ್ಲಿ ಸಾಸಿವೆಗಿಂತ ಹೆಚ್ಚಾಗಿ ಇರುತ್ತಿದ್ದುದು ದುಡ್ಡು. ತರಕಾರಿಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದು, ಹಳೇ ಪೇಪರು ಮಾರಿದ್ದು, ಗೌರಿಹಬ್ಬಕ್ಕೆ ಸೋದರಮಾವ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹತ್ತು ರೂಪಾಯಿ, ಎಲ್ಲವೂ ಅಲ್ಲಿಗೇ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವರು ಆ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ನನ್ನ ಬಿ.ಎ. ಪರೀಕ್ಷೆಯ ಫೀಜು ಕಟ್ಟಿದ್ದು ಆ ಡಬ್ಬಿಯಿಂದಲೇ. ಆದ್ದರಿಂದ ಸಾಸಿವೆ ಡಬ್ಬಿಯನ್ನು ಯಾರಾದರೂ ಹಾಸ್ಯ ಮಾಡಿದರೆ ನನಗೆ ನಗು ಬರುವುದಿಲ್ಲ.

ಆ ಡಬ್ಬಿ ಈಗ ಖಾಲಿಯಾಗಿದೆ. ಅದರಲ್ಲಿದ್ದ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಎಲ್ಲರೂ ಫೋನಿನ ಕಡೆ ಕೈ ತೋರಿಸುತ್ತಾರೆ. ಸರಿ, ಹೋಗಲಿ. ಆದರೆ ಯಾರ ಫೋನಿಗೆ? ಇದನ್ನು ಕೇಳುವುದಕ್ಕೇ ನಾನು ಕುಳಿತಿದ್ದೇನೆ.

ತಿಪಟೂರಿನಲ್ಲಿ ನಾನು ಶಾಲೆಗೆ ಹೋಗುವ ದಾರಿಯಲ್ಲಿ ಒಬ್ಬ ಹೂವಿನಾಕೆ ಕೂರುತ್ತಾಳೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೂ ತಂದು, ಕಟ್ಟಿ, ರಾತ್ರಿ ಎಂಟರವರೆಗೆ ಮಾರುವವಳು. ಮೊದಲು ಅವಳ ಸೊಂಟದಲ್ಲಿ ಒಂದು ಎಲೆಯಡಿಕೆ ಸಂಚಿ ಇರುತ್ತಿತ್ತು. ಅದರಲ್ಲೇ ಅಡಿಕೆ, ಅದರಲ್ಲೇ ಚಿಲ್ಲರೆ, ಅದರಲ್ಲೇ ಮೊಮ್ಮಗಳಿಗೆ ಪೆಪ್ಪರಮೆಂಟು. ಈಗ ಹೂವಿನ ಬುಟ್ಟಿಗೆ ಒರಗಿಸಿದ ಚೌಕಳಿ ಚಿತ್ರದ ಒಂದು ಹಲಗೆ, ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ. ನಾವು ಫೋನು ಹಿಡಿದು ದುಡ್ಡು ಹಾಕಿದರೆ ಆ ಪೆಟ್ಟಿಗೆ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ. ಒಂದು ದಿನ ನಾನು, “ಏನಮ್ಮ, ಭಾರಿ ಮುಂದುವರಿದುಬಿಟ್ಟೆ!” ಎಂದೆ. ಆಕೆ ದಾರ ಎಳೆಯುತ್ತಲೇ, “ಮೇಡಮ್ಮೋರೆ, ಅದು ಕೂಗೋದು ನನ್ ಮಗನ ದುಡ್ಡು ಕಣವ್ವ. ನಂಗೆ ಸಾಯಂಕಾಲ ಬಸ್ಸಿಗೂ ಅವನ್ನೇ ಕೇಳ್ಬೇಕು. ಪುಣ್ಯಕ್ಕೆ ಬಸ್ಸು ಈಗ ಫ್ರೀ” ಎಂದಳು.

ಹೂ ಕಟ್ಟುವ ಕೈ ಇವಳದು, ದುಡ್ಡು ಸೇರುವ ಖಾತೆ ಅವನದು. ಪೆಟ್ಟಿಗೆ ದಿನವಿಡೀ ಇವಳ ಕಿವಿಯ ಹತ್ತಿರವೇ ಲೆಕ್ಕ ಕೂಗುತ್ತದೆ, ಇವಳ ಕೈಗೆ ಮಾತ್ರ ಬಿಡಿಗಾಸೂ ಬರುವುದಿಲ್ಲ. ಇದಕ್ಕಿಂತ ಕ್ರೂರವಾದ ಪೆಟ್ಟಿಗೆಯನ್ನು ನಾನು ಕಂಡಿಲ್ಲ.

ಅವಳನ್ನು ಕಂಡು ಮರುಗಿದ ನಾನೇನು ಮಹಾ ಎಂದು ನೀವು ಕೇಳಬೇಕು. ಕೇಳಿ, ಹೇಳುತ್ತೇನೆ; ನಾಚಿಕೆ ಬಿಟ್ಟೇ ಹೇಳುತ್ತೇನೆ. ಮೂವತ್ತು ವರ್ಷದಿಂದ ಸಂಬಳ ಎಣಿಸುತ್ತಿರುವ ಸರ್ಕಾರಿ ಶಾಲೆಯ ಮೇಷ್ಟ್ರಮ್ಮ ನಾನು. ಮಕ್ಕಳಿಗೆ ಸ್ತ್ರೀ ಸಮಾನತೆಯ ಪಾಠ ಮಾಡಿದ್ದೇನೆ, ಮಹಿಳಾ ದಿನಾಚರಣೆಯಲ್ಲಿ ಭಾಷಣವನ್ನೂ ಬಿಗಿದಿದ್ದೇನೆ. ನನ್ನ ಸಂಬಳದ ಖಾತೆ ನನ್ನ ಹೆಸರಿನಲ್ಲೇ ಇತ್ತು. ಆದರೆ ಬ್ಯಾಂಕಿನವರು ಮೊಬೈಲ್ ನಂಬರು ಕೇಳಿದ ಕಾಲಕ್ಕೆ ನನ್ನ ಬಳಿ ಫೋನಿರಲಿಲ್ಲವಾಗಿ ನಮ್ಮ ಮನೆಯವರ ನಂಬರು ಬರೆದುಕೊಟ್ಟಿದ್ದೆ. ಆಮೇಲೆ ಫೋನು ಬಂತು, ಫೋನಿನ ಮೇಲೆ ಫೋನು ಬಂತು, ನಂಬರು ಮಾತ್ರ ಬದಲಾಗಲಿಲ್ಲ. 2016ರಲ್ಲಿ ಯುಪಿಐ ಶುರುವಾಯಿತು. ಅದರ ನಿಯಮ ನಿಮಗೆ ಗೊತ್ತಿರಲಿ: ಖಾತೆಗೆ ಜೋಡಿಸಿದ ನಂಬರಿನ ಸಿಮ್ಮು ಯಾವ ಫೋನಿನಲ್ಲಿದೆಯೋ ಆ ಫೋನಿನಲ್ಲೇ ಅದು ತೆರೆದುಕೊಳ್ಳುವುದು. ಹಾಗಾಗಿ ನನ್ನ ಸಂಬಳ ನಮ್ಮವರ ಜೇಬಿನಲ್ಲಿ ಓಡಾಡತೊಡಗಿತು. ಸೀರೆ ಅಂಗಡಿಯಲ್ಲಿ ನಾನು ಆರಿಸುವುದು, ಅವರು ಫೋನು ಹಿಡಿಯುವುದು, ಅಂಗಡಿಯವನು ಅವರಿಗೆ ಕೈ ಮುಗಿಯುವುದು! ಅದೇ ವರ್ಷದ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ನನ್ನ ಡಬ್ಬಿಯಲ್ಲಿದ್ದ 11,500 ರೂಪಾಯಿಯೂ ಬೆಳಕಿಗೆ ಬಂದು ಅವರ ಖಾತೆ ಸೇರಿತ್ತು. ಅವರು ಕೆಟ್ಟವರಲ್ಲ. ಕೇಳಿದಾಗಲೆಲ್ಲ ಕೊಟ್ಟಿದ್ದಾರೆ. ಆದರೆ ನನ್ನ ದುಡ್ಡನ್ನು ನಾನು ಕೇಳುತ್ತಿದ್ದೇನೆ ಎಂಬುದು ನನಗೇ ಹೊಳೆದಿರಲಿಲ್ಲ.

ಹೊಳೆಯುವುದಕ್ಕೆ ಲಂಡನ್ನಿಗೆ ಹೋಗಬೇಕಾಯಿತು. 2024ರ ಬೇಸಿಗೆ ರಜದಲ್ಲಿ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ನಮ್ಮಂತೆ ಚೌಕಳಿ ಚಿತ್ರಕ್ಕೆ ಫೋನು ಹಿಡಿಯುವುದು ಕಡಿಮೆ. ಕಾರ್ಡನ್ನೋ, ಕಾರ್ಡು ಸೇರಿಸಿಟ್ಟ ಫೋನನ್ನೋ ಯಂತ್ರದ ಹತ್ತಿರ ತಂದರೆ ಸಾಕು, ‘ಟಿಣ್’ ಎನ್ನುತ್ತದೆ, ದುಡ್ಡು ಹೋಗುತ್ತದೆ. ಬಸ್ಸಿನಲ್ಲಿ ನೋಟು ತೆಗೆದುಕೊಳ್ಳುವುದನ್ನು 2014ರ ಜುಲೈನಲ್ಲೇ ನಿಲ್ಲಿಸಿದ್ದಾರೆ. ನಾನು ಹತ್ತು ಪೌಂಡಿನ ನೋಟು ಚಾಚಿದಾಗ ಡ್ರೈವರು ತಲೆಯಾಡಿಸಿಬಿಟ್ಟ. ನಮ್ಮ ಯುಪಿಐ ಸಿಂಗಪುರ, ಫ್ರಾನ್ಸ್, ನೇಪಾಳ, ಭೂತಾನಗಳ ಕೆಲವು ಕಡೆ ನಡೆಯುತ್ತದೆಯಾದರೂ ಲಂಡನ್ನಿನ ರೈಲಿನ ಗೇಟಿನಲ್ಲಿ ಅದರ ಆಟವಿಲ್ಲ.

ಮಗಳು ತನ್ನದೊಂದು ಕಾರ್ಡನ್ನು ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದಳು. ನನ್ನ ಹಳೇ ಫೋನಿನಲ್ಲಿ ಆ ಅನುಕೂಲವಿರಲಿಲ್ಲವೆಂದು ದಿನಾ ಇನ್ನೊಂದು ಕಾರ್ಡನ್ನು ಕೈಗೆ ಕೊಡುತ್ತಿದ್ದಳು. ಒಂದು ದಿನ ಅದು ಅವಳ ಕೈಚೀಲದಲ್ಲೇ ಆಫೀಸಿಗೆ ಹೋಗಿಬಿಟ್ಟಿತು. ನೆಲದಡಿ ರೈಲಿನ ಗೇಟಿನಲ್ಲಿ ನಮ್ಮವರು ಫೋನು ತಾಕಿಸಿ ಒಳಗೆ ಹೋದರು. ನಾನು ಹೊರಗೆ ಉಳಿದೆ. ಅವರು ಗೇಟಿನ ಮೇಲಿಂದ ಕೈ ಚಾಚಿ ಅದೇ ಫೋನನ್ನು ನನಗಾಗಿ ಮತ್ತೆ ತಾಕಿಸಿದರು. ಕೆಂಪು ದೀಪ! ಅಲ್ಲಿ ನಿಂತಿದ್ದ ಹೆಂಗಸು ಬಂದು ನಯವಾಗಿಯೇ ಹೇಳಿದಳು: ಒಬ್ಬರಿಗೆ ಒಂದು ಕಾರ್ಡು, ಇಬ್ಬರಿಗೆ ಒಂದು ನಡೆಯುವುದಿಲ್ಲ. ಒಳಗೆ ಹೋಗುವಾಗ ಯಾವುದನ್ನು ತಾಕಿಸಿದ್ದೇವೋ ಹೊರಗೆ ಬರುವಾಗಲೂ ಅದನ್ನೇ ತಾಕಿಸಬೇಕು. ಯಾರು ಎಲ್ಲಿಂದ ಎಲ್ಲಿಗೆ ಹೋದರೆಂದು ಲೆಕ್ಕ ಹಾಕುವುದು ಅದರಿಂದಲೇ.

ನನ್ನ ಪರ್ಸಿನಲ್ಲಿ ನನ್ನದೇ ಸಂಬಳದ ಖಾತೆಯ ಕಾರ್ಡಿತ್ತು. ಆದರೆ ಹೊರದೇಶದ ಬಳಕೆಯನ್ನೂ ತಾಕಿಸಿ ಕೊಡುವ ಸೌಕರ್ಯವನ್ನೂ ಖಾತೆದಾರರೇ ಕೇಳಿ ತೆರೆಸಿಕೊಳ್ಳಬೇಕೆಂದು 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಊರು ಬಿಡುವ ಮುಂಚೆ ತೆರೆಸೋಣವೆಂದರೆ ಓಟಿಪಿ ಬರುವುದು ನಮ್ಮವರ ಫೋನಿಗೆ. “ನನ್ನದೊಂದಿದೆಯಲ್ಲ, ಇಬ್ಬರಿಗೂ ಸಾಲದೇನೆ?” ಎಂದಿದ್ದರು ಅವರು. ಸಾಲಲಿಲ್ಲ. ಆ ಗೇಟಿನ ಮುಂದೆ, ಐವತ್ತಾರು ವರ್ಷದ ನಾನು, ಊರಿನಲ್ಲಿ ಎರಡು ಮೂರು ತಲೆಮಾರಿಗೆ ಅಕ್ಷರ ಕಲಿಸಿದವಳು, ಗಂಡ ಒಳಗಿದ್ದಾನೆ ಎಂಬ ಒಂದೇ ಅರ್ಹತೆಯೊಂದಿಗೆ ನಿಂತಿದ್ದೆ. ಯಂತ್ರಕ್ಕೆ ಗಂಡ ಹೆಂಡಿರ ಲೆಕ್ಕ ತಿಳಿಯದು. ಅದು ನನ್ನನ್ನು ಒಬ್ಬ ಪೂರ್ತಿ ಮನುಷ್ಯಳೆಂದು ಎಣಿಸಿತು. ಅವಮಾನವಾಯಿತು ನಿಜ, ಆದರೆ ಯಂತ್ರ ಹೇಳಿದ್ದು ಸರಿಯಾಗಿತ್ತು.

ಊರಿಗೆ ಬಂದ ಮರುವಾರವೇ ಬ್ಯಾಂಕಿಗೆ ಹೋದೆ. ನಂಬರು ಬದಲಿಸಬೇಕೆಂದು ಅರ್ಜಿ ಕೊಟ್ಟರೆ ಕೌಂಟರಿನ ಹುಡುಗ, “ಯಜಮಾನರು ಬಂದಿದಾರಾ ಮೇಡಂ?” ಎಂದ. “ಖಾತೆಯ ಯಜಮಾನಿ ಬಂದಿದಾಳಪ್ಪ, ಬರ್ಕೋ” ಎಂದೆ. ಪಕ್ಕದ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವರಲ್ಲಿ ಒಬ್ಬಳು ತನ್ನ ಪಾಸ್‌ಬುಕ್ಕು ತೆಗೆದು ನೋಡಿಕೊಂಡಳು.

ಇದನ್ನು ಹೇಳಿದಾಗೆಲ್ಲ ನನಗೆ ಎದುರಾಗುವ ಮಾತುಗಳು ಮೂರು. ಮೊದಲನೆಯದು, “ಹೆಂಗಸರು ಮೋಸ ಹೋಗ್ತಾರೆ.” ನಮ್ಮ ಸ್ಟಾಫ್ ರೂಮಿನಲ್ಲಿ ‘ಕರೆಂಟು ಬಿಲ್ಲು ಕಟ್ಟಿಲ್ಲ, ಇವತ್ತೇ ಲೈನು ಕತ್ತರಿಸುತ್ತೇವೆ’ ಎಂಬ ಸಂದೇಶ ನಂಬಿ ಕಳೆದುಕೊಂಡವರು ಗಣಿತದ ಮೇಷ್ಟ್ರು. ಅವರ ಫೋನನ್ನು ಯಾರೂ ಕಿತ್ತುಕೊಳ್ಳಲಿಲ್ಲ. ದುಡ್ಡು ಕೊಡುವುದಕ್ಕೆ ಪಿನ್ನು ಬೇಕು, ಬರುವುದಕ್ಕೆ ಬೇಕಿಲ್ಲ. ‘ನಿಮಗೆ ಹಣ ಬಂದಿದೆ, ಪಿನ್ನು ಒತ್ತಿ’ ಎಂದವನು ಕಳ್ಳ. ಮೋಸವಾದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು. ಇಷ್ಟು ತಿಳಿದುಕೊಳ್ಳುವುದು ಒಬ್ಬಟ್ಟಿನ ಹೂರಣ ಹದ ಮಾಡುವುದಕ್ಕಿಂತ ಕಷ್ಟವಲ್ಲ.

ಎರಡನೆಯದು, “ಗಂಡ ಹೆಂಡಿರ ನಡುವೆ ಗುಟ್ಟೇನು?” ಒಳ್ಳೆಯ ಮಾತು. ಆದರೆ ಇದನ್ನು ಹೇಳುವ ಗಂಡಸರಲ್ಲಿ ತಮ್ಮ ಪಿನ್ನನ್ನು ಹೆಂಡತಿಗೆ ಹೇಳಿದವರೆಷ್ಟು? ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರೇ ಬಡಿದುಕೊಳ್ಳುತ್ತಾರೆ. ಯಾರಿಗೂ ಎಂದರೆ ಗಂಡನೂ ಸೇರಿದ, ಮಗನೂ ಸೇರಿದ. ನಮ್ಮಪ್ಪ ಡಬ್ಬಿಗೆ ಕೈ ಹಾಕದೆ ಇದ್ದದ್ದರಿಂದ ಸಂಸಾರ ಮುರಿಯಲಿಲ್ಲ. ಈಗ 2024ರಿಂದ ಯುಪಿಐ ಸರ್ಕಲ್ ಎಂಬ ಏರ್ಪಾಟು ಬಂದಿದೆ; ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಖರ್ಚು ಮಾಡಬಹುದು. ವಯಸ್ಸಾದವರಿಗೆ, ಓದುವ ಮಕ್ಕಳಿಗೆ ಅದು ಅನುಕೂಲವೇ. ಆದರೆ ದುಡಿಯುವ ಹೆಂಗಸಿಗೆ ಅದೇ ಸಾಕೆಂದರೆ, ಅವಳಿಗೆ ಅಡುಗೆಮನೆ ಕೊಟ್ಟು ಉಗ್ರಾಣದ ಬೀಗದಕೈ ಇಟ್ಟುಕೊಂಡಂತೆ.

ಮೂರನೆಯದು ನಮ್ಮ ಹೆಂಗಸರೇ ಹೇಳುವ ಮಾತು: “ಫೋನಿನ ಸಹವಾಸವೇ ಬೇಡಪ್ಪ, ನಮಗೆ ನೋಟೇ ಸಾಕು.” ನೋಟಿನ ಮೇಲೆ ನನಗೂ ಪ್ರೀತಿಯಿದೆ. ನೋಟು ಕೊಟ್ಟರೆ ಮುಖ ಸಿಂಡರಿಸುವ ಅಂಗಡಿಯವರ ಜೊತೆ ಜಗಳವನ್ನೂ ಆಡಿದ್ದೇನೆ, ನೀವೂ ಆಡಿ. ಆದರೆ ಡಬ್ಬಿಗೆ ಬೀಗವಿಲ್ಲ, ಬಡ್ಡಿಯಿಲ್ಲ, ಲೆಕ್ಕವೂ ಇಲ್ಲ. ನಾಳೆ ಯಾರಾದರೂ ‘ನೀನೇನು ದುಡಿದಿದ್ದೀಯ?’ ಎಂದು ಕೇಳಿದರೆ ತೋರಿಸುವುದಕ್ಕೆ ಏನಿದೆ? ಬೀಗದಕೈ ನಮ್ಮದಾದರೆ ಫೋನಿಗಿಂತ ಭದ್ರವಾದ ಸಾಸಿವೆ ಡಬ್ಬಿ ಇನ್ನೊಂದಿಲ್ಲ.

ಹೂವಿನಾಕೆಯ ಕಥೆ ಮುಗಿಸುತ್ತೇನೆ. 2025ರ ಜುಲೈನಲ್ಲಿ ಫೋನಿನ ವ್ಯವಹಾರ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದ ಗಲಾಟೆ ನಿಮಗೆ ನೆನಪಿರಬಹುದು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿದ್ದ ಸುದ್ದಿ ನಮ್ಮೂರಿಗೂ ಬಂತು. ನೋಟಿಸು ಬಂದದ್ದು ವರ್ಷಕ್ಕೆ ಹತ್ತಾರು ಲಕ್ಷ ವಹಿವಾಟು ಕಂಡವರಿಗೆ. ಆದರೂ ಅವಳ ಮಗ ಹೆದರಿ ಹಲಗೆ, ಪೆಟ್ಟಿಗೆ ಎರಡನ್ನೂ ಮನೆಗೆ ಒಯ್ದ. ಎರಡು ವಾರ ನೋಟುಗಳು ಮತ್ತೆ ಅವಳ ಸಂಚಿಗೆ ಬಂದವು. ಆ ಎರಡು ವಾರದಲ್ಲಿ ಅವಳು ಮೊಮ್ಮಗಳಿಗೆ ಲಂಗ ಹೊಲಿಸಿದಳು, ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡಳು. ಯಾರನ್ನೂ ಕೇಳಲಿಲ್ಲ.

ಹಲಗೆ ಮತ್ತೆ ಬಂದ ದಿನ ನಾನು ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಖಾತೆ ಅವಳದೇ ಇತ್ತು. ನಂಬರು, ಹೇಳಬೇಕೇ, ಮಗನದು. ಅವಳ ಹೆಸರಿಗೊಂದು ಸಿಮ್ಮು, ತಂಗಿಯ ಮಗಳು ಬಿಟ್ಟ ಹಳೇ ಫೋನು, ಅವಳದೇ ಖಾತೆಯ ಹೊಸ ಹಲಗೆ, ಇಷ್ಟಕ್ಕೆ ನಾವಿಬ್ಬರೂ ನಾಲ್ಕು ಸಲ ಅಲೆದೆವು. ಇಂಥ ಫೋನೂ ಇಲ್ಲದವರು ಗುಂಡಿ ಒತ್ತುವ ಸಾದಾ ಫೋನಿನಲ್ಲೇ ಹಣ ಕಳಿಸಲು 2022ರಿಂದ ಯುಪಿಐ 123ಪೇ ಇದೆ ಎಂಬುದನ್ನೂ ತಿಳಿದಿರಿ. ಮಗ ಒಂದು ವಾರ ತಾಯಿಯ ಹತ್ತಿರ ಮಾತು ಬಿಟ್ಟ, ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾನೆ. ತಿರುಗಿಸಲಿ. ಆಕೆಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಸಂಜೆ ನಾನು ಹಾದುಹೋಗುವಾಗ ಫೋನು ನನ್ನ ಕಡೆ ತಿರುಗಿಸಿ, ತಾನೇ ಓದಿ, “ಸರಿಯಾ ಮೇಡಮ್ಮೋರೆ?” ಎನ್ನುತ್ತಾಳೆ.

ಗೆಳತಿಯರೇ, ಈ ಪುಸ್ತಕ ಮಡಿಸಿಟ್ಟ ಮೇಲೆ ಒಂದು ಕೆಲಸ ಮಾಡಿ. ಬೀರುವಿನಲ್ಲಿರುವ ನಿಮ್ಮ ಪಾಸ್‌ಬುಕ್ಕು ತೆಗೆಯಿರಿ. ಹೆಸರು ನಿಮ್ಮದೇ ಇರುತ್ತದೆ, ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಆ ಖಾತೆಗೆ ಜೋಡಿಸಿರುವ ನಂಬರು ಯಾರದು, ಕೇಳಿ. ಅದು ನಿಮ್ಮದಲ್ಲದಿದ್ದರೆ ನಾಳೆ ಬೆಳಿಗ್ಗೆ ತಿಂಡಿಯ ಕೆಲಸ ಮುಗಿಸಿ ಬ್ಯಾಂಕಿಗೆ ಹೊರಡಿ. ಮಧ್ಯಾಹ್ನದ ಅಡುಗೆ ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ.