ನರ್ಸ್ ಅಲ್ಲದ ನರ್ಸಮ್ಮ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡುವ ಆಸೆಯಿಂದಲೋ ಅಮೆರಿಕಕ್ಕೆ ಹೋಗಿಬಂದ ನಮ್ಮ ಹಿರಿಯರಲ್ಲಿ ಅನೇಕರು ಅಲ್ಲಿನ ಕ್ಲಿನಿಕ್ ಒಂದರ ಮೆಟ್ಟಿಲು ಹತ್ತಿಯೇ ಇರುತ್ತಾರೆ. ಕಾಯುವ ಕೋಣೆಯಲ್ಲಿ ಕುಳಿತಿರುವಾಗ ಒಳಬಾಗಿಲು ತೆರೆದು ಒಬ್ಬಾಕೆ ಹೆಸರು ಹಿಡಿದು ಕರೆಯುತ್ತಾಳೆ. ನಮ್ಮ ಉದ್ದುದ್ದ ಹೆಸರುಗಳನ್ನು ಹೇಳುವಾಗ ಆಕೆಯ ನಾಲಿಗೆ ಒಂದಿಷ್ಟು ತೊಡರುವುದೂ ಉಂಟು. ಒಳಗೆ ಕರೆದೊಯ್ದು ತೂಕ ನೋಡಿ, ಬಿ.ಪಿ. ನೋಡಿ, ಯಾವ ಮಾತ್ರೆ ನಡೆಯುತ್ತಿದೆ, ಯಾವ ಔಷಧಿ ಒಗ್ಗುವುದಿಲ್ಲ ಎಂದು ಕೇಳಿ, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, 'ಡಾಕ್ಟರ್ ಈಗ ಬರುತ್ತಾರೆ' ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋಗುತ್ತಾಳೆ. ಊರಿಗೆ ಮರಳಿದ ಮೇಲೆ 'ಆ ನರ್ಸಮ್ಮ ಎಷ್ಟು ಚೆನ್ನಾಗಿ ಮಾತನಾಡಿಸಿದಳು' ಎಂದು ಹಿರಿಯರು ನೆನೆಯುತ್ತಾರೆ.

ಆದರೆ ಆಕೆ ಬಹುಮಟ್ಟಿಗೆ ನರ್ಸ್ ಆಗಿರುವುದಿಲ್ಲ. ಆಕೆ 'ಮೆಡಿಕಲ್ ಅಸಿಸ್ಟೆಂಟ್', ಅಂದರೆ ವೈದ್ಯಕೀಯ ಸಹಾಯಕಿ. ಅಮೆರಿಕದಲ್ಲಿ ಈ ಕೆಲಸ ಮಾಡುವವರು ಏಳೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಗಂಡಸರೂ ಇಲ್ಲದಿಲ್ಲ, ಆದರೆ ಬಹುಪಾಲು ಹೆಂಗಸರೇ. ದೊಡ್ಡ ಆಸ್ಪತ್ರೆಗಳ ವಾರ್ಡುಗಳಿಗಿಂತ ವೈದ್ಯರ ಕ್ಲಿನಿಕ್ಕುಗಳೇ ಇವರ ಮುಖ್ಯ ನೆಲೆ. ಹೆಸರಿನಲ್ಲಿ ಹೋಲಿಕೆಯಿರುವ 'ಫಿಸಿಶಿಯನ್ ಅಸಿಸ್ಟೆಂಟ್' ಎಂಬ ಇನ್ನೊಂದು ವೃತ್ತಿಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದು 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು. ಇಂದು ಅದಕ್ಕೆ ಸ್ನಾತಕೋತ್ತರ ಪದವಿ ಬೇಕು, ಅವರು ರೋಗ ಪತ್ತೆ ಮಾಡಿ ಔಷಧಿಯನ್ನೂ ಬರೆಯುತ್ತಾರೆ. ಮೆಡಿಕಲ್ ಅಸಿಸ್ಟೆಂಟ್ ಆಗಲು ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷದ ಓದು ಸಾಕು. ಔಷಧಿ ಬರೆಯುವ ಮಾತು ಹಾಗಿರಲಿ, 'ಇದು ಇಂಥ ಕಾಯಿಲೆ ಇರಬಹುದು' ಎಂದು ಹೇಳುವ ಅಧಿಕಾರವೂ ಇವರಿಗಿಲ್ಲ.

ಹಿಂದೆ ಈ ಕೆಲಸಕ್ಕೆ ಶಾಲೆಯೆಂಬುದು ಇರಲಿಲ್ಲ. ವೈದ್ಯರು ತಮ್ಮ ಕ್ಲಿನಿಕ್ಕಿಗೆ ಚುರುಕಾದ ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳುತ್ತಿದ್ದರು. ಲೆಕ್ಕ ಬರೆಯಲು ಬಂದವಳು ಕ್ರಮೇಣ ಸಿರಿಂಜು ಕುದಿಸುವುದನ್ನೂ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ನೋಡಿ ನೋಡಿಯೇ ಕಲಿಯುತ್ತಿದ್ದಳು. 1950ರ ದಶಕದ ನಡುವೆ ಇಂಥವರೆಲ್ಲ ಸೇರಿ 'ಅಮೆರಿಕನ್ ಅಸೋಸಿಯೇಶನ್ ಆಫ್ ಮೆಡಿಕಲ್ ಅಸಿಸ್ಟೆಂಟ್ಸ್' ಎಂಬ ಸಂಘ ಕಟ್ಟಿಕೊಂಡರು. 1963ರಲ್ಲಿ ಆ ಸಂಘದ ಮೊದಲ ಅರ್ಹತಾ ಪರೀಕ್ಷೆ ನಡೆಯಿತು. ನೋಡಿ ಕಲಿತ ಕೆಲಸ ಹೀಗೆ ಓದಿ ಕಲಿಯುವ ವೃತ್ತಿಯಾಯಿತು.

ಓದುವುದೆಲ್ಲಿ? ಕಮ್ಯುನಿಟಿ ಕಾಲೇಜುಗಳಲ್ಲಿ. ಈ ಕಾಲೇಜುಗಳ ಕತೆಯೂ ತಿಳಿಯತಕ್ಕದ್ದೇ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ವರದಿ ಕೊಟ್ಟ ಮೇಲೆ 'ಕಮ್ಯುನಿಟಿ ಕಾಲೇಜು' ಎಂಬ ಹೆಸರು ಜನಜನಿತವಾಯಿತು. ಈಗ ದೇಶದ ಉದ್ದಗಲಕ್ಕೂ ಸುಮಾರು 1 ಸಾವಿರ ಕಾಲೇಜುಗಳಿವೆ. ಪ್ರೌಢಶಾಲೆ ಮುಗಿಸಿದ ಯಾರಿಗಾದರೂ ಬಾಗಿಲು ತೆರೆದಿರಬೇಕು ಎಂಬುದು ಇವುಗಳ ಮೂಲ ತತ್ವ. 2024-25ರಲ್ಲಿ ಇಲ್ಲಿನ ಸರಾಸರಿ ವಾರ್ಷಿಕ ಬೋಧನಾ ಶುಲ್ಕ ಸುಮಾರು 4 ಸಾವಿರ ಡಾಲರ್. ಅದೇ ವರ್ಷ ನಾಲ್ಕು ವರ್ಷದ ಪದವಿ ಕೊಡುವ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ವಂತ ರಾಜ್ಯದ ವಿದ್ಯಾರ್ಥಿಗೂ 11 ಸಾವಿರ ಡಾಲರ್ ದಾಟಿತ್ತು. ಹೀಗಾಗಿ ಇಲ್ಲಿನ ಬೆಂಚುಗಳ ಮೇಲೆ ಹದಿನೆಂಟರ ಹುಡುಗಿಯ ಪಕ್ಕದಲ್ಲಿ ನಲವತ್ತರ ತಾಯಿ ಕುಳಿತಿರುವುದು ಅಪರೂಪವೇನಲ್ಲ.

ತರಗತಿಯಲ್ಲಿ ಮೊದಲು ಎದುರಾಗುವುದು ವೈದ್ಯಕೀಯ ಪರಿಭಾಷೆ. ಗ್ರೀಕ್, ಲ್ಯಾಟಿನ್ ಮೂಲದ ಪದಗಳನ್ನು ನಮ್ಮ ವ್ಯಾಕರಣದ ಮೇಷ್ಟರು ಸಂಧಿ ಬಿಡಿಸಿದಂತೆ ಬಿಡಿಸಿ ಕಲಿಸುತ್ತಾರೆ. ಪದದ ಕೊನೆಗೆ 'ಐಟಿಸ್' ಬಂದರೆ ಉರಿಯೂತ. ಮೊದಲಿಗೆ 'ಹೈಪರ್' ಬಂದರೆ ಹೆಚ್ಚು, 'ಹೈಪೊ' ಬಂದರೆ ಕಡಿಮೆ. 'ಹೈಪರ್‌ಗ್ಲೈಸೀಮಿಯ' ಎಂದರೆ ರಕ್ತದಲ್ಲಿ ಸಕ್ಕರೆ ಏರಿದೆ ಎಂದು, 'ಹೈಪೊಗ್ಲೈಸೀಮಿಯ' ಎಂದರೆ ಇಳಿದಿದೆ ಎಂದು. ಒಂದಕ್ಷರ ತಪ್ಪಿ ಬರೆದರೆ ಅರ್ಥ ತಿರುಗುಮುರುಗು. ಸಕ್ಕರೆ ಇಳಿದು ಒದ್ದಾಡುತ್ತಿರುವವನಿಗೆ ಇನ್ಸುಲಿನ್ ಕೊಟ್ಟರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅನಂತರ ಅಂಗರಚನೆ, ಔಷಧಿಗಳ ಪರಿಚಯ, ಕಾನೂನು, ನೀತಿ. ಇದರ ಜೊತೆಗೇ ಕೈಕೆಲಸದ ಪ್ರಯೋಗಶಾಲೆ. ಬಿ.ಪಿ. ನೋಡುವುದು ಯಾರಿಗೆ ಬರುವುದಿಲ್ಲ ಎಂದು ನಮಗನ್ನಿಸಬಹುದು. ಆದರೆ ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿ.ಪಿ. ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳು ಎದೆಯ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಹಾಗೆಯೇ. ನೋಡುವಾಗ ರೋಗಿ ಮಾತನಾಡುತ್ತಿದ್ದರೂ ಅಂಕಿ ಏರುತ್ತದೆ. ಈ ತಪ್ಪು ಅಂಕಿಯನ್ನು ನಂಬಿ ವೈದ್ಯರು ಮಾತ್ರೆ ಬರೆದರೆ ಬೇಡದ ಮಾತ್ರೆಯನ್ನು ಆ ಮನುಷ್ಯ ವರ್ಷಗಟ್ಟಲೆ ನುಂಗಬೇಕಾದೀತು.

ಇಂಜೆಕ್ಷನ್ ಕೊಡುವುದಕ್ಕೂ ಕೋನದ ಲೆಕ್ಕವಿದೆ. ಸ್ನಾಯುವಿಗೆ ಕೊಡುವಾಗ ಸೂಜಿ 90 ಡಿಗ್ರಿಯಲ್ಲಿ ನೆಟ್ಟಗಿರಬೇಕು. ಚರ್ಮದ ಕೆಳಗಿನ ಕೊಬ್ಬಿಗಾದರೆ ಸಾಮಾನ್ಯವಾಗಿ 45 ಡಿಗ್ರಿ. ಕ್ಷಯದ ಪರೀಕ್ಷೆಯಂತೆ ಚರ್ಮದೊಳಗೇ ಕೊಡುವಾಗ 10ರಿಂದ 15 ಡಿಗ್ರಿ, ಅಂದರೆ ಸೂಜಿ ಬಹುತೇಕ ಮಲಗಿರಬೇಕು. ಮೊದಲು ರಬ್ಬರಿನ ತೋಳಿನ ಮೇಲೆ ಅಭ್ಯಾಸ ನಡೆಯುತ್ತದೆ. ಇ.ಸಿ.ಜಿ. ತೆಗೆಯಲು ಎದೆಯ ಮೇಲೆ ಆರು, ಕೈಕಾಲುಗಳಿಗೆ ನಾಲ್ಕು, ಹೀಗೆ ಹತ್ತು ಕಡೆ ತಂತಿ ಅಂಟಿಸಬೇಕು. ಎರಡು ಕೈಗಳ ತಂತಿ ಅದಲುಬದಲಾದರೆ ನೆಟ್ಟಗಿರುವ ಹೃದಯದ ಚಿತ್ರವೂ ಸೊಟ್ಟಗೆ ಬರುತ್ತದೆ.

ರಕ್ತ ತೆಗೆಯುವುದಂತೂ ಇನ್ನೂ ಸೂಕ್ಷ್ಮ. ಒಂದೇ ಸೂಜಿಯಿಂದ ಬಣ್ಣಬಣ್ಣದ ಮುಚ್ಚಳದ ಹಲವು ಕೊಳವೆಗಳನ್ನು ತುಂಬಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ತಿಳಿನೀಲಿ ಮುಂದೆ, ನೇರಳೆ ಹಿಂದೆ. ಏಕೆಂದರೆ ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಪೊಟ್ಯಾಸಿಯಂ ಇರುವ ಒಂದು ಲವಣ ಹಾಕಿರುತ್ತಾರೆ. ಕ್ರಮ ತಪ್ಪಿ ಅದರ ಒಂದಿಷ್ಟು ಅಂಶ ಮುಂದಿನ ಕೊಳವೆಗೆ ಸೇರಿದರೆ ಪೊಟ್ಯಾಸಿಯಂ ಹೆಚ್ಚಿದೆ, ಕ್ಯಾಲ್ಸಿಯಂ ಇಳಿದಿದೆ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಆರೋಗ್ಯವಂತನೊಬ್ಬ ಅಂದು ರಾತ್ರಿಯೇ ತುರ್ತು ಚಿಕಿತ್ಸಾ ಘಟಕಕ್ಕೆ ಓಡಬೇಕಾಗಬಹುದು.

ಅರ್ಧ ಓದು ಹೀಗೆ ದೇಹದ್ದಾದರೆ ಇನ್ನರ್ಧ ಕಾಗದಪತ್ರದ್ದು. ಅಲ್ಲಿನ ಚಿಕಿತ್ಸೆಯೆಲ್ಲ ವಿಮೆಯ ಮೇಲೆ ನಿಂತಿರುವುದರಿಂದ ಪ್ರತಿ ಕಾಯಿಲೆಗೂ ಒಂದು ಸಂಕೇತ ಬರೆಯಬೇಕು. 2015ರ ಅಕ್ಟೋಬರಿನಿಂದ ಬಳಕೆಗೆ ಬಂದ ಪಟ್ಟಿಯಲ್ಲಿ ಇಂಥ ಸಂಕೇತಗಳು ಸುಮಾರು 70 ಸಾವಿರ ಇವೆ. ಸಂಕೇತ ತಪ್ಪಿದರೆ ವಿಮೆ ಕಂಪನಿ ಹಣ ಕೊಡುವುದಿಲ್ಲ, ಬಿಲ್ಲು ರೋಗಿಯ ಮನೆ ಬಾಗಿಲಿಗೆ ಬರುತ್ತದೆ. ಇದಲ್ಲದೆ ರೋಗಿಯ ಗುಟ್ಟು ಕಾಯುವ 1996ರ ಕಾಯಿದೆಯ ಪಾಠವೂ ಇದೆ. ಪಕ್ಕದ ಮನೆಯಾಕೆ ಕ್ಲಿನಿಕ್ಕಿಗೆ ಬಂದಿದ್ದಳು ಎಂಬ ಮಾತು ಸಂಜೆ ಊಟದ ಮೇಜಿನಲ್ಲೂ ಬಾಯಿಗೆ ಬರಕೂಡದು.

ಆದರೆ ಇಡೀ ತರಬೇತಿಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಬೇರೆಯೇ ಇದೆ. ಅದು ತನ್ನ ಎಲ್ಲೆಯನ್ನು ಅರಿಯುವುದು. 'ಎದೆ ಹಿಡಿದಂತಾಗುತ್ತಿದೆ, ಏನು ಮಾಡಲಿ?' ಎಂದು ರೋಗಿ ದೂರವಾಣಿ ಮಾಡಿದಾಗ, ಹತ್ತು ವರ್ಷ ಅನುಭವವಿರುವ ಸಹಾಯಕಿಗೆ ಉತ್ತರ ಗೊತ್ತಿರಬಹುದು. ಆದರೂ ವೈದ್ಯರು ಮೊದಲೇ ಬರೆದುಕೊಟ್ಟ ಸೂಚನೆಯನ್ನು ಮೀರಿ ಸ್ವಂತ ಸಲಹೆ ಕೊಡುವಂತಿಲ್ಲ. ತಕ್ಷಣ ವೈದ್ಯರಿಗೋ ನರ್ಸಿಗೋ ತಿಳಿಸಬೇಕು. ಸಂಕೋಚಪಟ್ಟು ತಡಮಾಡಿದರೂ ತಪ್ಪು, ಧೈರ್ಯ ಮಾಡಿ ತಾನೇ ಹೇಳಿದರೂ ತಪ್ಪು. ಬಿಳಿ ಕೋಟನ್ನೋ ನೀಲಿ ಅಂಗಿಯನ್ನೋ ನೋಡಿ ರೋಗಿಗಳು ಆಕೆಯನ್ನು ನರ್ಸ್ ಎಂದೇ ನಂಬುವುದರಿಂದ ಈ ಪಾಠಕ್ಕೆ ಇನ್ನಷ್ಟು ತೂಕ.

ಈ ಎಲ್ಲೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಈ ವೃತ್ತಿಗೆ ಸರ್ಕಾರಿ ಪರವಾನಗಿಯೇ ಬೇಕಿಲ್ಲ. ವಾಷಿಂಗ್ಟನ್ ರಾಜ್ಯ ಮಾತ್ರ 2013ರ ಜುಲೈಯಿಂದ ಸರ್ಕಾರದ ಮಾನ್ಯತಾ ಪತ್ರ ಕಡ್ಡಾಯ ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಇಂಜೆಕ್ಷನ್ ಕೊಡಬೇಕಾದರೆ ಕನಿಷ್ಠ 10 ಗಂಟೆಯ ತರಬೇತಿ ಪಡೆದು, ಪ್ರತಿ ಬಗೆಯದನ್ನೂ ಕನಿಷ್ಠ 10 ಬಾರಿ ಸರಿಯಾಗಿ ಕೊಟ್ಟು ತೋರಿಸಬೇಕೆಂಬ ನಿಯಮವಿದೆ.

ಓದಿನ ಕೊನೆಯಲ್ಲಿ ನಿಜವಾದ ಕ್ಲಿನಿಕ್ಕಿನಲ್ಲಿ ಪ್ರಾಯೋಗಿಕ ಕೆಲಸ. ಮಾನ್ಯತೆ ಪಡೆದ ಕೋರ್ಸುಗಳಲ್ಲಿ ಇದು ಕನಿಷ್ಠ 160 ಗಂಟೆ. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೆ ಸರಿಯಾಗಿ ನಾಲ್ಕು ವಾರ. ಸಾಮಾನ್ಯವಾಗಿ ಇದಕ್ಕೆ ಸಂಬಳವಿಲ್ಲ. ಪಾಠಗಳನ್ನು ಸಂಜೆಯ ಹೊತ್ತು ಹೇಗೋ ಹೊಂದಿಸಿಕೊಳ್ಳಬಹುದು, ಆದರೆ ಕ್ಲಿನಿಕ್ಕು ತೆರೆದಿರುವುದು ಹಗಲಲ್ಲಿ. ಅಂಗಡಿಯಲ್ಲೋ ಹೋಟೆಲಿನಲ್ಲೋ ಗಂಟೆಯ ಲೆಕ್ಕದಲ್ಲಿ ದುಡಿದು ಮಕ್ಕಳನ್ನು ಸಾಕುವವಳು ಒಂದು ತಿಂಗಳ ಕೂಲಿ ಬಿಡಬೇಕು. ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿದವಳಿಗೂ ಈ ಒಂದು ತಿಂಗಳು ದಾಟಲಾರದ ಹೊಳೆಯಾಗಬಹುದು. ಆದ್ದರಿಂದ ತಿಳಿದವರು ಮೊದಲ ದಿನದಿಂದಲೇ ಈ ತಿಂಗಳಿಗೆಂದು ನಾಲ್ಕು ಕಾಸು ಕೂಡಿಡುತ್ತಾರೆ.

ಆಮೇಲೆ ಅರ್ಹತಾ ಪರೀಕ್ಷೆ. ಮೇಲೆ ಹೇಳಿದ ಸಂಘದ ಪರೀಕ್ಷೆಯಲ್ಲಿ 200 ಪ್ರಶ್ನೆಗಳು, 40 ನಿಮಿಷಗಳ ನಾಲ್ಕು ಭಾಗಗಳು. ಪಾಸಾದವರ ಹೆಸರಿನ ಮುಂದೆ 'ಸಿ.ಎಂ.ಎ.' ಎಂಬ ಅಕ್ಷರಗಳು ಸೇರುತ್ತವೆ. ಪ್ರತಿ ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಕಾನೂನು ಕೇಳದಿದ್ದರೂ ಕೆಲಸ ಕೊಡುವವರು ಅನೇಕರು ಇಂಥದೊಂದು ಅರ್ಹತೆಯನ್ನು ಕೇಳುತ್ತಾರೆ.

ಇಲ್ಲಿಯೇ ಎಚ್ಚರ ಬೇಕಾದದ್ದು. ಈ ತರಬೇತಿಗೆ ಬೇಡಿಕೆಯಿದೆ ಎಂದು ತಿಳಿದು ಲಾಭಕ್ಕಾಗಿಯೇ ನಡೆಯುವ ಖಾಸಗಿ ಕಾಲೇಜುಗಳೂ ಬಲೆ ಬೀಸಿದವು. ಕೊರಿಂಥಿಯನ್ ಕಾಲೇಜಸ್ ಎಂಬ ಕಂಪನಿ 1995ರಲ್ಲಿ ಆರಂಭವಾಗಿ 'ಎವರೆಸ್ಟ್' ಮುಂತಾದ ಹೆಸರುಗಳಲ್ಲಿ ಹತ್ತಾರು ಊರುಗಳಿಗೆ ಹಬ್ಬಿತು. ಮೆಡಿಕಲ್ ಅಸಿಸ್ಟೆಂಟ್ ತರಬೇತಿ ಅದರ ಮುಖ್ಯ ಸರಕುಗಳಲ್ಲೊಂದು. ಓದಿದವರಿಗೆ ಕೆಲಸ ಸಿಗುವ ಬಗ್ಗೆ ಸುಳ್ಳು ಅಂಕಿ ತೋರಿಸಿದ ಆರೋಪದ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರ 2013ರಲ್ಲಿ ದಾವೆ ಹೂಡಿತು. 2015ರ ಏಪ್ರಿಲಿನಲ್ಲಿ ಉಳಿದ ಕಾಲೇಜುಗಳಿಗೆಲ್ಲ ಒಮ್ಮೆಲೇ ಬೀಗ ಬಿತ್ತು. ಓದು ಅರ್ಧಕ್ಕೆ ನಿಂತಿತು, ಸಾಲ ಮಾತ್ರ ಪೂರ್ತಿ ಉಳಿಯಿತು. ಕೊನೆಗೆ 2022ರ ಜೂನ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಈ ಕಾಲೇಜುಗಳಲ್ಲಿ ಓದಿದ 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡುವುದಾಗಿ ಪ್ರಕಟಿಸಿತು. ಸಾಲ ಮನ್ನಾ ಆಯಿತು, ಕಳೆದ ವರ್ಷಗಳು ಮರಳಲಿಲ್ಲ. ಕಮ್ಯುನಿಟಿ ಕಾಲೇಜಿನ ಹಳೆಯ ಕಟ್ಟಡಕ್ಕೆ ಜಾಹೀರಾತಿನ ಥಳಕು ಇಲ್ಲದಿರಬಹುದು, ಶುಲ್ಕದ ಹೊರೆಯಂತೂ ಕಡಿಮೆ.

ಇಷ್ಟೆಲ್ಲ ಮಾಡಿದರೆ ಸಂಬಳ ಎಷ್ಟು? 2024ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ನಡುಮಟ್ಟದ ವಾರ್ಷಿಕ ವೇತನ 44,200 ಡಾಲರ್. ನೋಂದಾಯಿತ ನರ್ಸಿನದು 93,600 ಡಾಲರ್, ಅಂದರೆ ಎರಡರಷ್ಟಕ್ಕೂ ಮಿಗಿಲು. ಹಾಗಾಗಿ ಅನೇಕರು ಇದನ್ನು ಮೊದಲ ಮೆಟ್ಟಿಲೆಂದೇ ಎಣಿಸಿ ಮುಂದೆ ನರ್ಸಿಂಗ್ ಓದುವ ಆಸೆ ಇಟ್ಟುಕೊಳ್ಳುತ್ತಾರೆ. ಆಸೆ ತಪ್ಪಲ್ಲ. ಆದರೆ ಇಲ್ಲಿನ ಪಾಠಗಳೆಲ್ಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನರ್ಸಿಂಗಿಗೆ ಬೇಕಾದ ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಬೇರೆಯಾಗಿಯೇ ಓದಬೇಕಾಗಬಹುದು. ಇದನ್ನು ಸೇರುವ ಮೊದಲೇ ಕೇಳಿ ತಿಳಿಯುವುದು ಜಾಣತನ.

ಗಂಡನ ಕೆಲಸದ ನಿಮಿತ್ತ ಅಲ್ಲಿಗೆ ಹೋಗಿ ಮನೆಯಲ್ಲೇ ಕುಳಿತ ನಮ್ಮ ಹೆಣ್ಣುಮಕ್ಕಳಿಗೂ ಇದು ಗೊತ್ತಿರಬೇಕಾದ ಸಂಗತಿ. ಎಚ್-4 ವೀಸಾದಲ್ಲಿರುವವರು ಕಾಲೇಜಿಗೆ ಸೇರಬಹುದು. ಆದರೆ ಬಡ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ ಅವರಿಗೆ ಸಿಗುವುದಿಲ್ಲ. ಓದು ಮುಗಿದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕೂ ಬರುವುದಿಲ್ಲ. 2015ರಲ್ಲಿ ಬಂದ ನಿಯಮ ಕೂಡ, ಮುಖ್ಯವಾಗಿ ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಪತಿ ಅಥವಾ ಪತ್ನಿಗೆ ಮಾತ್ರ ಕೆಲಸದ ಅನುಮತಿ ಕೊಟ್ಟಿತು. ಇನ್ನು ನಮ್ಮಲ್ಲೇ ನರ್ಸಿಂಗ್ ಮುಗಿಸಿ ಹೋದವರು ಈ ಮೆಟ್ಟಿಲಿನಿಂದ ಆರಂಭಿಸಬೇಕಾಗಿಯೇ ಇಲ್ಲ. ತಮ್ಮ ಅರ್ಹತೆಯನ್ನು ಪರಿಶೀಲನೆಗೆ ಒಪ್ಪಿಸಿ ಅಲ್ಲಿನ ನರ್ಸಿಂಗ್ ಪರೀಕ್ಷೆಗೇ ಕೂರುವ ದಾರಿ ಅವರಿಗಿದೆ.

ಸೇರಬಯಸುವವರು ಅರ್ಜಿ ತುಂಬುವ ಮೊದಲು ಕಾಲೇಜಿನವರನ್ನು ನಾಲ್ಕು ಮಾತು ಕೇಳಬೇಕು. ಕೋರ್ಸಿಗೆ ಮಾನ್ಯತೆ ಇದೆಯೇ? ಮುಗಿಸಿದವರು ಯಾವ ಪರೀಕ್ಷೆಗೆ ಕೂರಬಹುದು, ಕಳೆದ ವರ್ಷ ಎಷ್ಟು ಮಂದಿ ಪಾಸಾದರು? ಪುಸ್ತಕ, ಸಮವಸ್ತ್ರ, ಚುಚ್ಚುಮದ್ದು, ಪರೀಕ್ಷಾ ಶುಲ್ಕ ಸೇರಿ ಒಟ್ಟು ಖರ್ಚೆಷ್ಟು? 160 ಗಂಟೆಯ ಕೆಲಸಕ್ಕೆ ಕ್ಲಿನಿಕ್ ಹುಡುಕಿಕೊಡುವವರು ಕಾಲೇಜಿನವರೋ ನಾವೋ? ಇವಕ್ಕೆ ನೇರ ಉತ್ತರ ಕೊಡದೆ 'ಮೊದಲು ಸಹಿ ಹಾಕಿ, ಆಮೇಲೆ ನೋಡೋಣ' ಎನ್ನುವ ಕಡೆಯಿಂದ ಸುಮ್ಮನೆ ಎದ್ದು ಬರುವುದೇ ಲೇಸು.