ಒಳ್ಳೆಯ ಹಸು ಯಾವುದು?

ಈ ನಗರದಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಹಾಲೆಂದರೆ ಬೆಳಗಿನ ಪೊಟ್ಟಣ. ಅದು ಯಾವ ತಳಿಯ ಹಸುವಿನದೆಂದು ಕೇಳುವ ಪ್ರಸಂಗವೇ ಒದಗದು. ಒಳ್ಳೆಯ ಹಸು ಯಾವುದೆಂದರೆ, ಹೆಚ್ಚು ಹಾಲು ಕರೆಯುವುದೇ ಎಂದು ಯಾರಾದರೂ ಉತ್ತರ ಕೊಟ್ಟಾರು. ಈ ಉತ್ತರವು ಅರ್ಧ ಮಾತ್ರ ಸತ್ಯವೆಂಬುದು ನಮ್ಮ ಅಭಿಪ್ರಾಯ.

ಕನ್ನಡ ನಾಡನ್ನೇ ನೋಡೋಣ. ಮಂಡ್ಯ, ಹಾಸನ, ತುಮಕೂರುಗಳ ಕಡೆ ಹಳ್ಳಿಕಾರ್, ಘಟ್ಟದ ಸೀಮೆಯಲ್ಲಿ ಮಲೆನಾಡು ಗಿಡ್ಡ, ವಿಜಯಪುರದ ಕಡೆ ಖಿಲಾರಿ, ಬೀದರದ ಕಡೆ ದೇವಣಿ. ಹೀಗೆ ಸೀಮೆಗೊಂದು ತಳಿಯುಂಟು. ಮೈಸೂರು ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುತ್ತಿದ್ದ 'ಬೆಣ್ಣೆ ಚಾವಡಿ'ಯ ಮಂದೆಯನ್ನು ಹೈದರನೂ ಟಿಪ್ಪುವೂ ಸೈನ್ಯದ ಸಾಗಣೆಗೆ ಬಳಸಿದರು. ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂದುದು ಟಿಪ್ಪುವಿನ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರ ಸೈನ್ಯವೂ ಈ ಎತ್ತುಗಳನ್ನೇ ನೆಚ್ಚಿತು. ಅಮೃತಮಹಲ್ ಹಸು ಕೊಡುವ ಹಾಲು ಅಲ್ಪವೇ ಸರಿ. ಆದರೆ ವೇಗಕ್ಕೂ ತಾಳ್ಮೆಗೂ ಆರಿಸಿ ಬೆಳೆಸಿದ ರಾಸನ್ನು ಹಾಲಿನ ಪಾತ್ರೆಯಿಂದ ಅಳೆಯುವುದು ನ್ಯಾಯವೇ?

ಈ ಗುಣಭೇದಗಳಿಗೆ ಮೂಲವೆಲ್ಲಿ? ಜರ್ಸಿಯಲ್ಲಾಗಲಿ ಹಳ್ಳಿಕಾರಿನಲ್ಲಾಗಲಿ ವರ್ಣತಂತುಗಳು 30 ಜೊತೆಯೇ. 2009ರಲ್ಲಿ ಹೆರ್‌ಫರ್ಡ್ ತಳಿಯ ಹಸುವೊಂದರ ವಂಶವಾಹಿಗಳ ಲಿಪಿಯನ್ನು ವಿಜ್ಞಾನಿಗಳು ಪ್ರಕಟಿಸಿದರು. ಅದರಲ್ಲಿ ಸುಮಾರು 22,000 ವಂಶವಾಹಿಗಳನ್ನು ಎಣಿಸಿದರು. ತಳಿ ಬೇರೆಯಾದರೂ ಇವು ಬಹುಮಟ್ಟಿಗೆ ಅವೇ. ಒಂದು ಭೇದ ಅಲ್ಲಲ್ಲಿ ಅಕ್ಷರಗಳು ಬದಲಾಗಿರುವುದು. ಇನ್ನೊಂದು ಭೇದ, ಯಾವ ವಂಶವಾಹಿ ಯಾವಾಗ, ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆಂಬುದು. ಎರಡು ಮನೆಗಳಲ್ಲಿ ಒಂದೇ ಗ್ರಂಥವಿದ್ದರೂ, ಒಂದರಲ್ಲಿ ನಿತ್ಯವೂ ಓದುವ ಅಧ್ಯಾಯವನ್ನು ಮತ್ತೊಂದರಲ್ಲಿ ಅಪರೂಪಕ್ಕೆ ತೆರೆಯುವಂತೆ.

ಡುಬ್ಬವುಳ್ಳ ನಮ್ಮ ದನಗಳೂ ಡುಬ್ಬವಿಲ್ಲದ ಐರೋಪ್ಯ ದನಗಳೂ ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದ ಸಂತತಿಗಳು. ಅವನ್ನು ಮನುಷ್ಯನು ಪಶ್ಚಿಮ ಏಷ್ಯದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಪಳಗಿಸಿದನು. ಇವನ್ನು ಸಿಂಧೂ ಪ್ರಾಂತದಲ್ಲಿ ಸುಮಾರು 8,000 ವರ್ಷಗಳ ಹಿಂದೆ. ಬೇಗೆ ಏರಿದಾಗ ಜೀವಕೋಶದಲ್ಲಿ ಕೆಲವು ವಂಶವಾಹಿಗಳು ಎಚ್ಚತ್ತು, ಕೋಶವನ್ನು ಕಾಯುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಡುಬ್ಬದ ದನಗಳ ಕೋಶಗಳು ಬೇಗೆಯನ್ನು ಹೆಚ್ಚು ತಡೆಯುತ್ತವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಉಣ್ಣೆಗಳ ಕಾಟವನ್ನೂ ಅವು ಹೆಚ್ಚು ತಾಳುತ್ತವೆ. ಕೋಲ್ಕತ್ತದ ವೈಶಾಖದ ಸೆಕೆಯನ್ನು ಬಲ್ಲ ನಮಗೆ ಈ ಗುಣದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಬ್ರೆಜಿಲ್ ದೇಶವು ನಮ್ಮ ಒಂಗೋಲು, ಗಿರ್ ತಳಿಗಳನ್ನು ಒಯ್ದು ಬೆಳೆಸಿದುದು ಇದನ್ನು ಅರಿತೇ.

ಮಿಶ್ರತಳಿ ಬೇಡವೆಂದು ನಾವು ಹೇಳುತ್ತಿಲ್ಲ. ನಗರದ ಎಷ್ಟೋ ಶಿಶುಗಳಿಗೆ ಹಾಲು ದೊರೆತುದು ಅದರಿಂದಲೇ. ನಾಟಿ ಹಸುವಿನ ಹಾಲು ಸರ್ವರೋಗಕ್ಕೂ ಮದ್ದೆಂಬ ಅತಿಶಯೋಕ್ತಿಯನ್ನೂ ನಾವು ಒಪ್ಪುವುದಿಲ್ಲ. ಮೇವು, ನೀರು, ವೈದ್ಯರ ನೆರವು ಇರುವೆಡೆ ಮಿಶ್ರತಳಿ ಇರಲಿ. ಆದರೆ ಎಲ್ಲ ಮಂದೆಗಳನ್ನೂ ವಿವೇಚನೆಯಿಲ್ಲದೆ ಬೆರೆಸಿದರೆ, ಸಾವಿರಾರು ವರ್ಷ ಬಿಸಿಲು ಮಳೆಗಳಲ್ಲಿ ಸೋಸಿ ಬಂದ ಗುಣಸಮೂಹವು ಚದುರಿಹೋಗುತ್ತದೆ. ಮುಂದೆ ಬೇಗೆ ಹೆಚ್ಚಿದ ಕಾಲದಲ್ಲಿ ಅದನ್ನು ಎಲ್ಲಿಂದ ತರುವುದು?

ಅಜ್ಜಂಪುರದ ಕೇಂದ್ರದಲ್ಲಿ ಅಮೃತಮಹಲ್ ತಳಿಯನ್ನು ಕಾಪಾಡುವ ಕಾರ್ಯವು 1929ರಿಂದ ನಡೆದಿದೆ. ಆದರೆ ಕೇಂದ್ರವೊಂದೇ ಸಾಲದು. ಆ ರಾಸುಗಳು ಮೇಯುತ್ತಿದ್ದ ಕಾವಲುಗಳೂ ಉಳಿಯಬೇಕು. ಚಳ್ಳಕೆರೆಯ ಬಳಿಯ ವಿಶಾಲವಾದ ಕಾವಲು ಭೂಮಿ ಈಚೆಗೆ ಅನ್ಯ ಕಾರ್ಯಗಳಿಗೆ ಹೋಗಿದೆ. ಹುಲ್ಲುಗಾವಲನ್ನು ಬಿಟ್ಟುಕೊಟ್ಟು ತಳಿಯನ್ನು ಉಳಿಸುತ್ತೇವೆಂಬುದು ಬರಿಯ ಮಾತಾದೀತು.

ವಿದ್ಯಾರ್ಥಿಗಳೇ, ರಜೆಯಲ್ಲಿ ಊರಿಗೆ ಹೋದಾಗ ಕೊಟ್ಟಿಗೆಯ ಹಸು ಎಷ್ಟು ಹಾಲು ಕೊಡುತ್ತದೆಂದು ಮಾತ್ರ ಕೇಳಬೇಡಿರಿ. ಅದರ ತಳಿ ಯಾವುದು, ಬರಗಾಲದಲ್ಲಿ ಅದು ಏನು ತಿಂದು ಬದುಕಿತು ಎಂಬುದನ್ನೂ ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿರಿ.