ಪಡಖಾನೆಯ ಪದಗಳು

ಟೆಕ್ಸಾಸಿನಲ್ಲಿ ಕೆಲಸಕ್ಕಿರುವ ತಂಗಿಯ ಮಗ ಹೋದ ತಿಂಗಳು ಫೋನಿಗೆ ಒಂದಷ್ಟು ಹಾಡು ಕಳಿಸಿ, “ಮಾವ, ಇವು ಹಾಂಕಿ-ಟಾಂಕ್ ಅಂತೆ. ಕೇಳ್ತಿದ್ರೆ ನಮ್ಮ ಎಂಡ್ಕುಡ್ಕ ರತ್ನನ ನೆನಪಾಗುತ್ತೆ” ಅಂದ. ನಾನು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಳೆದವನು. ಕಂಟ್ರಿ ಸಂಗೀತ ಅಂದರೆ ದಂಡಿನ (ಕಂಟೋನ್ಮೆಂಟಿನ) ಕಡೆಯವರ ಜಿಮ್ ರೀವ್ಸ್ ಎಂದಷ್ಟೇ ಗೊತ್ತಿತ್ತು. ಕಬ್ಬನ್ ಪಾರ್ಕಿನ ಆಚೆ, ಆಂಗ್ಲೋ ಇಂಡಿಯನ್ನರ ಮನೆಗಳಲ್ಲಿ ಮೊಳಗುತ್ತಿದ್ದ ಆ ಮೆತ್ತನೆಯ ದನಿ ಪೇಟೆಯ ಕಡೆಗೆ ಅಷ್ಟಾಗಿ ದಾಟಿ ಬರಲಿಲ್ಲ. ಪೇಟೆ, ದಂಡು ಎರಡೂ 1949ರಲ್ಲಿ ಒಂದೇ ನಗರವಾದವು. ಕಿವಿಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು.

ಹುಡುಗನ ಮಾತು ಎಷ್ಟು ನಿಜ ಎಂದು ನೋಡಲು ಹೊರಟರೆ, ಮೊದಲು ಆ ಪದದ ಅರ್ಥ ಬಿಡಿಸಿಕೊಳ್ಳಬೇಕು. ಹಾಂಕಿ-ಟಾಂಕ್ ಅಂದರೆ ಮೂಲದಲ್ಲಿ ಹಾಡಲ್ಲ, ಜಾಗ. ನಮ್ಮ ಅಜ್ಜಂದಿರು ಪಡಖಾನೆ ಎನ್ನುತ್ತಿದ್ದರಲ್ಲ, ಅದೇ. ಪೂರ್ವ ಟೆಕ್ಸಾಸಿನಲ್ಲಿ 1930ರಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ ಅಲ್ಲಿ ಕೂಲಿ ಇತ್ತು, ಕೈಯಲ್ಲಿ ಕಾಸಿತ್ತು, ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರಿದ್ದರು. 1933ರ ಡಿಸೆಂಬರಿನಲ್ಲಿ ಅಮೆರಿಕದ ಪಾನನಿರೋಧ ರದ್ದಾಯಿತು. ಊರೊಳಗೆ ಕುಡಿತಕ್ಕೆ ಅಡ್ಡಿ ಇದ್ದ ಕಡೆ ಊರ ಗಡಿ ದಾಟಿದ ಕೂಡಲೇ ತಗಡಿನ ಸೂರಿನ ಅಂಗಡಿಗಳು ಎದ್ದವು. ಕುಡಿಯುವುದು, ಕುಣಿಯುವುದು, ಆಗಾಗ ಹೊಡೆದಾಡುವುದು. ಅಲ್ಲಿನ ಹಾಡಿಗೂ ಅಂಗಡಿಯ ಹೆಸರೇ ಅಂಟಿತು. ಅಂಥದೊಂದು ಅಂಗಡಿಯನ್ನು ತಾನೇ ನಡೆಸುತ್ತಿದ್ದ ಆಲ್ ಡೆಕ್ಸ್‌ಟರ್ 1936ರಲ್ಲಿ ಹಾಡಿನ ಹೆಸರಿನಲ್ಲಿಯೇ ಆ ಪದ ತಂದ.

ಜಾಗ ಬದಲಾದರೆ ಹಾಡು ಬದಲಾಗುತ್ತದೆ. ಅದಕ್ಕೂ ಹಿಂದಿನ ಕಂಟ್ರಿ ಹಾಡು ಮನೆಯ ಜಗಲಿಯದು, ಚರ್ಚಿನದು: ಅಮ್ಮ, ಹಳೆ ಮನೆ, ದೇವರು. ಪಡಖಾನೆಯ ಗದ್ದಲದಲ್ಲಿ ಜಗಲಿಯ ಗಿಟಾರು ಯಾರಿಗೆ ಕೇಳೀತು? ಅರ್ನೆಸ್ಟ್ ಟಬ್ ಎಂಬ ಟೆಕ್ಸಾಸಿನ ಗಾಯಕನ ವಿಷಯದಲ್ಲಿ ಒಂದು ಕಥೆ ಹೇಳುತ್ತಾರೆ. ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗಳನ್ನು ನಡೆಸುವವರು ಬಂದು, ಸಂಜೆ ಜನ ಸೇರಿದ ಮೇಲೆ ನಿನ್ನ ರೆಕಾರ್ಡು ಕೇಳಿಸುವುದೇ ಇಲ್ಲ ಎಂದು ದೂರಿದರಂತೆ. ಆತ 1941ರ ‘ವಾಕಿಂಗ್ ದ ಫ್ಲೋರ್ ಓವರ್ ಯೂ’ ಹಾಡಿಗೆ ವಿದ್ಯುತ್ ಗಿಟಾರು ಸೇರಿಸಿದ. ಹಾಡು ಗೆದ್ದಿತು. ಕಲೆಯ ದೊಡ್ಡ ತಿರುವುಗಳಿಗೆ ಎಷ್ಟೋ ಸಲ ಅಂಗಡಿಯವನ ತಕರಾರೇ ಕಾರಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಹಾಡುಗಳಲ್ಲಿ ಸ್ಟೀಲ್ ಗಿಟಾರ್ ಎಂಬ ವಾದ್ಯ ಅಳುತ್ತಿರುತ್ತದೆ. ಹುಟ್ಟೂರು ಹವಾಯಿ ದ್ವೀಪ. ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿಂದ ತಂತಿ ಒತ್ತುವ ಬದಲು ಉಕ್ಕಿನ ತುಂಡನ್ನು ಅದರ ಮೇಲೆ ಜಾರಿಸುತ್ತಾರೆ. ನಮ್ಮ ಗೋಟುವಾದ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಗೀತ ಕಲಿತವರು ಜಾರು ಎಂದು ಕರೆಯುವ ಗಮಕವೇ ಅದರ ಜೀವ. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸ್ ಅದಕ್ಕೆ ಕಾಲಿನ ಪೆಡಲು ಸೇರಿಸಿ, ಒಂದು ತಂತಿ ನಿಂತಲ್ಲೇ ನಿಂತು ಇನ್ನೊಂದು ಬಾಗುವಂತೆ ನುಡಿಸಿದ. ಅಲ್ಲಿಂದ ಮುಂದೆ ಆ ಬಾಗುವ ದನಿಯಿಲ್ಲದ ಪಡಖಾನೆ ಹಾಡು ಅಪರೂಪವಾಯಿತು. ಉಳಿದ ವ್ಯಾಕರಣ ಸುಲಭ: ಮೂರು ಸ್ವರಮೇಳ, ಪಿಟೀಲು, ಕುಣಿಯುವವರ ಹೆಜ್ಜೆಗೆ ತಕ್ಕ ನಡೆ. ಮಾತು ಅಡುಗೆಮನೆಯ ಮಾತು.

ಗಾಯಕರಲ್ಲಿ ಹ್ಯಾಂಕ್ ವಿಲಿಯಮ್ಸ್ ಮೊದಲು. 1923ರಲ್ಲಿ ಅಲಬಾಮಾದಲ್ಲಿ ಹುಟ್ಟಿದ. ರೂಫಸ್ ಪೇನ್ ಎಂಬ ಕಪ್ಪು ಜನಾಂಗದ ಬೀದಿ ಗಾಯಕನಿಂದ ಪಾಠ ಕಲಿತ. ಹುಟ್ಟಿನಿಂದ ಬಂದ ಬೆನ್ನುಮೂಳೆಯ ನೋವಿಗೆ ಕುಡಿತ ಹಿಡಿದ. ಕುಡಿತದ ದೆಸೆಯಿಂದ 1952ರ ಆಗಸ್ಟಿನಲ್ಲಿ ನ್ಯಾಶ್‌ವಿಲ್‌ನ ದೊಡ್ಡ ರೇಡಿಯೊ ವೇದಿಕೆ ಗ್ರ್ಯಾಂಡ್ ಓಲ್ ಆಪ್ರಿ ಅವನನ್ನು ಹೊರಗೆ ಹಾಕಿತು. 1953ರ ಜನವರಿ 1ರಂದು, ಸಂಗೀತ ಕಚೇರಿಗೆ ಹೊರಟಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಸತ್ತಿದ್ದ. ವಯಸ್ಸು ಇಪ್ಪತ್ತೊಂಬತ್ತು. ‘ಯುವರ್ ಚೀಟಿನ್ ಹಾರ್ಟ್’ ಬಿಡುಗಡೆಯಾದದ್ದು ಅವನು ಹೋದ ಮೇಲೆ. ಅವನ ದನಿ ಎತ್ತರಕ್ಕೆ ಹೋದಾಗ ಒಡೆಯುತ್ತದೆ. ನಮ್ಮ ಸಂಗೀತ ಪರೀಕ್ಷೆಯಲ್ಲಾದರೆ ಅಂಕ ಕಳೆಯುತ್ತಾರೆ. ಅಲ್ಲಿ ಆ ಬಿರುಕೇ ಹಾಡು.

ಅವನ ಸಮಕಾಲೀನ ಲೆಫ್ಟಿ ಫ್ರಿಜೆಲ್ ಒಂದು ಅಕ್ಷರವನ್ನು ಮೂರು ನಾಲ್ಕು ಸ್ವರಗಳ ಮೇಲೆ ಎಳೆದು ಹಾಡುವ ರೂಢಿ ಹಾಕಿದ. ಮರ್ಲ್ ಹ್ಯಾಗರ್ಡ್, ಜಾರ್ಜ್ ಜೋನ್ಸ್ ಇಬ್ಬರೂ ಅವನ ಏಕಲವ್ಯರು. ಜಾರ್ಜ್ ಜೋನ್ಸ್‌ನ ಹೆಂಡತಿ ಕಾರಿನ ಕೀಲಿಗಳನ್ನೆಲ್ಲ ಬಚ್ಚಿಟ್ಟಾಗ ಆತ ಹುಲ್ಲು ಕತ್ತರಿಸುವ ಗಾಡಿಯನ್ನೇ ಏರಿ ಹೆಂಡದಂಗಡಿಗೆ ಹೋದನಂತೆ. ಹೇಳಿಕೊಂಡವನು ತಾನೇ. ರತ್ನ ಕೇಳಿದ್ದರೆ ಕೈ ಮುಗಿಯುತ್ತಿದ್ದ.

ಈಗ ರತ್ನನ ಕಡೆಗೆ ಬರೋಣ. ಜಿ.ಪಿ. ರಾಜರತ್ನಂ ಅವರು ‘ಎಂಡ್ಕುಡ್ಕ ರತ್ನ’ನನ್ನು ಕನ್ನಡಕ್ಕೆ ಕೊಟ್ಟದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಟೆಕ್ಸಾಸಿನ ಹೊರವಲಯದಲ್ಲಿ ಆ ಅಂಗಡಿಗಳು ಏಳುತ್ತಿದ್ದ ಕಾಲ ಅದು. ಇಲ್ಲಿಯವರ ಸುಳಿವು ಅಲ್ಲಿಯವರಿಗಿಲ್ಲ, ಅಲ್ಲಿಯವರದು ಇಲ್ಲಿಯವರಿಗಿಲ್ಲ. ಆದರೂ ಸಾಮಗ್ರಿ ನೋಡಿ: ಕೂಲಿಯ ಬದುಕು, ಸಂಜೆಯ ಈಚಲ ಹೆಂಡ, ಮನೆಯಲ್ಲಿ ಕಾದಿರುವ ಹೆಂಡತಿ ಪುಟ್ನಂಜಿ, ಅಮಲೇರಿದಾಗ ಎದುರು ಬಂದು ನಿಲ್ಲುವ ದೇವರು. ನವೋದಯದ ಕವಿಗಳು ತಿದ್ದಿ ತೀಡಿದ ಕನ್ನಡದಲ್ಲಿ ಬರೆಯುತ್ತಿದ್ದಾಗ ಈ ಪಂಡಿತ ಹಕಾರ ನುಂಗುವ ಬೀದಿಯ ಕನ್ನಡ ಹಿಡಿದರು. ಹ್ಯಾಂಕ್ ವಿಲಿಯಮ್ಸ್‌ನ ಅಲಬಾಮಾ ಉಚ್ಚಾರಣೆಯನ್ನು ತಿದ್ದಿದರೆ ಹೇಗೆ ಹಾಡು ಸತ್ತುಹೋಗುತ್ತದೋ, ರತ್ನನ ‘ಯೆಂಡ’ವನ್ನು ‘ಹೆಂಡ’ ಮಾಡಿದರೂ ಹಾಗೆಯೇ.

ಆದರೆ ಹೋಲಿಕೆ ಇಲ್ಲಿಂದ ಮುಂದೆ ಕುಂಟುತ್ತದೆ. ಕುಂಟುವ ಕಡೆಯೇ ನೋಡಬೇಕಾದದ್ದು ಹೆಚ್ಚಿದೆ.

ರಾಜರತ್ನಂ ಕುಡಿತದ ಹತ್ತಿರ ಸುಳಿದವರಲ್ಲ. ಬೌದ್ಧ, ಜೈನ ಸಾಹಿತ್ಯ ಓದಿದ, ಮಕ್ಕಳಿಗೆ ತುತ್ತೂರಿಯ ಪದ್ಯ ಬರೆದ ಮೇಷ್ಟ್ರು. ರತ್ನ ಎಂಬುದು ಅವರು ತೊಟ್ಟ ವೇಷ. ಅಮೆರಿಕದ ಕೇಳುಗ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಹಾಡಿದವನು ಅನುಭವಿಸಿರಬೇಕು, ಕಣ್ಣೀರು ಅವನದೇ ಆಗಿರಬೇಕು ಎಂಬ ಹಟ ಅವನದು. ಹ್ಯಾಂಕ್‌ನ ಸಾವನ್ನೂ ಆ ಹಟ ಹಾಡಿನ ಭಾಗವಾಗಿಯೇ ಕೇಳಿಸಿಕೊಂಡಿತು ಎಂದು ನನಗೆ ಅನ್ನಿಸುತ್ತದೆ. ನಮಗೆ ಆ ಹಟವಿಲ್ಲ. ದಾಸರು ಗೋಪಿಯಾಗಿ ಹಾಡಿದರು, ಬಯಲಾಟದಲ್ಲಿ ಗಂಡಸರು ಹೆಣ್ಣುವೇಷ ಕಟ್ಟಿದರು. ವೇಷ ಸುಳ್ಳಲ್ಲ ಎಂದು ನಾವು ಹುಟ್ಟಿನಿಂದ ಬಲ್ಲೆವು. ಹಾಗಾಗಿ ರತ್ನನ ಪದಗಳು ಗಣೇಶನ ಪೆಂಡಾಲಿನಲ್ಲಿ, ಕಡಲೆಬೇಳೆ ಕೋಸಂಬರಿ ತಿನ್ನುತ್ತ ಕೂತ ಬಸವನಗುಡಿಯ ಮಡಿವಂತರ ಮುಂದೆ ಧಾರಾಳವಾಗಿ ನಡೆದವು. ತಲೆ ತೂಗಿದವರಲ್ಲಿ ಎಷ್ಟು ಜನ ಹೆಂಡದ ಮಡಕೆ ಕಂಡಿದ್ದರೋ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದಲ್ಲಿ ಪಾನನಿರೋಧ ಬಂತು, 1960ರ ದಶಕದ ಕೊನೆಗೆ ಸಡಿಲವಾಯಿತು, 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಈ ಎಲ್ಲ ಏರಿಳಿತದ ನಡುವೆ ಜನರ ಬಾಯಿಂದ ಇಳಿಯದವನು ರತ್ನ ಒಬ್ಬನೇ.

ಬಾಯಿಗೆ ತಂದವರು ಗಾಯಕರು. ಪಿ. ಕಾಳಿಂಗರಾವ್ ಅವರದು ನಾಟಕ ಕಂಪನಿಯಲ್ಲಿ ಪಳಗಿದ ಗಂಟಲು, ಹಿಂದಿನ ಸಾಲಿನವನಿಗೂ ಮಾತು ತಲುಪಬೇಕು ಎಂಬ ಶಿಸ್ತಿನದು. ಮೈಸೂರು ಅನಂತಸ್ವಾಮಿ ಅವರ ಹಾದಿ ಬೇರೆ. ಮಾತಿನ ಒಳಗಿನ ತೂಕಡಿಕೆಯನ್ನೇ ಲಯ ಮಾಡಿದರು. ರತ್ನ ಅವರ ದನಿಯಲ್ಲಿ ತೂರಾಡುತ್ತಾನೆ, ತಾಳ ಮಾತ್ರ ತಪ್ಪುವುದಿಲ್ಲ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಭಾವಗೀತೆಯನ್ನು ಮನೆಮನೆಗೆ ಒಯ್ದವರೂ ಅವರೇ. 2022ರಲ್ಲಿ ಸರ್ಕಾರ ನಾಡಗೀತೆಗೆ ಗೊತ್ತುಮಾಡಿದ ಧಾಟಿಯೂ ಅವರದೇ. ನಾಡಗೀತೆಗೂ ಕುಡುಕನ ಪದಕ್ಕೂ ಒಬ್ಬನೇ ಧಾಟಿಗಾರ ಸಿಕ್ಕ ರಾಜ್ಯ ಇನ್ನೊಂದಿದ್ದರೆ ಯಾರಾದರೂ ತಿಳಿಸಲಿ. ಮಗ ರಾಜು ಅನಂತಸ್ವಾಮಿ ರತ್ನನನ್ನು ಇನ್ನಷ್ಟು ತುಂಟನನ್ನಾಗಿ ಮಾಡಿ ಹಾಡಿದರು. 2009ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಹೋದರು.

ಇನ್ನೊಂದು ವ್ಯತ್ಯಾಸ ಅಮಲಿನದು. ರತ್ನನಿಗೆ ಹೆಂಡ ಕಣ್ಣು ತೆರೆಸುತ್ತದೆ. ದೇವರು ಬಂದು ಹೆಂಡ ಬಿಡು ಅಂದರೆ ಬಿಡುತ್ತಾನೆ, ಹೆಂಡತಿಯನ್ನು ಬಿಡು ಅಂದರೂ ತಡೆದುಕೊಳ್ಳುತ್ತಾನೆ, ಕನ್ನಡದ ಸುದ್ದಿಗೆ ಬಂದರೆ ಮಾತ್ರ ತಿರುಗಿ ಬೀಳುತ್ತಾನೆ. ಹಾಂಕಿ-ಟಾಂಕ್‌ನವನಿಗೆ ಇಂಥ ದೊಡ್ಡ ಪ್ರೀತಿಯ ಆಸರೆಯಿಲ್ಲ. ಅವನ ಲೋಟದ ತಳದಲ್ಲಿ ಕಾಣುವುದು ಬಿಟ್ಟುಹೋದವಳ ಮುಖ, ಅದರ ಹಿಂದೆ ನಾಳೆ ಬೆಳಗಿನ ತಲೆನೋವು. ರತ್ನನಿಗೆ ಮರುದಿನ ಬೆಳಗಾಗುವುದನ್ನು ನಾನು ಕೇಳಿದ್ದು ಕಡಿಮೆ. ಕಾವ್ಯವಾಗಿ ರತ್ನ ದೊಡ್ಡವನು; ಕುಡಿತದ ಸತ್ಯ ಹೇಳುವುದರಲ್ಲಿ ಜಾರ್ಜ್ ಜೋನ್ಸ್ ಹೆಚ್ಚು ನಂಬಿಕಸ್ಥ. ಇದು ನನ್ನ ತೀರ್ಪು, ಒಪ್ಪದವರು ಜಗಳಕ್ಕೆ ಬರಬಹುದು.

ಜಿಮ್ ರೀವ್ಸ್ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾನೆ? 1950ರ ದಶಕದ ಕೊನೆಗೆ ನ್ಯಾಶ್‌ವಿಲ್‌ನವರು ಸ್ಟೀಲ್ ಗಿಟಾರನ್ನು ಹಿಂದೆ ಸರಿಸಿ ಕೋರಸ್ಸು, ಮೃದು ಪಿಯಾನೊ ತಂದರು. ‘ಹೀ’ಲ್ ಹ್ಯಾವ್ ಟು ಗೋ’ ಆ ಬದಲಾವಣೆಯ ಕಿರೀಟ. ತಮಾಷೆಯೆಂದರೆ, ಆ ಹಾಡಿನ ನಾಯಕ ನಿಂತಿರುವುದು ಪಡಖಾನೆಯಲ್ಲೇ. ಅಲ್ಲಿಂದ ನಲ್ಲೆಗೆ ಫೋನು ಮಾಡುತ್ತ, ಜ್ಯೂಕ್‌ಬಾಕ್ಸಿನ ಸದ್ದು ತಗ್ಗಿಸಲು ಅಂಗಡಿಯವನಿಗೆ ಹೇಳುವುದಾಗಿ ಮಾತು ಕೊಡುತ್ತಾನೆ. ನಿಜವಾಗಿಯೂ ತಗ್ಗಿಸಿಬಿಟ್ಟರು. ಬೆಂಗಳೂರಿಗೆ ಬಂದದ್ದು ಆ ತಗ್ಗಿದ ಸದ್ದು.

ಕೊನೆಯದಾಗಿ ಮಟ್ಟಿನ ವಿಷಯ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ‘ದ ವೈಲ್ಡ್ ಸೈಡ್ ಆಫ್ ಲೈಫ್’ ಹಾಡಿದ. ಮನೆ ಬಿಟ್ಟು ಪಡಖಾನೆಯ ದೀಪಗಳ ಕಡೆ ಹೋದ ಹೆಂಗಸನ್ನು ಗಂಡಸು ಹಳಿಯುವ ಹಾಡು. ಅದರ ಮಟ್ಟು ಹಳೆಯದು. ಅದೇ ಮಟ್ಟಿಗೆ ಒಂದು ಭಕ್ತಿಗೀತೆಯೂ ಇತ್ತು. ಅದೇ ವರ್ಷ ಕಿಟ್ಟಿ ವೆಲ್ಸ್ ಎಂಬ ಮೂವತ್ತು ದಾಟಿದ ಗೃಹಿಣಿ, ಸಂಗೀತ ಬಿಟ್ಟು ಮನೆ ನೋಡಿಕೊಳ್ಳುವ ಯೋಚನೆಯಲ್ಲಿದ್ದವಳು, ಅದೇ ಮಟ್ಟಿನಲ್ಲಿ ಉತ್ತರದ ಹಾಡು ಹಾಡಿದಳು. ಬರೆದವನು ಜೆ.ಡಿ. ಮಿಲ್ಲರ್. ಆ ದಿನದ ಕೂಲಿಯಾಗಿ ಕೈಗೆ ಬರುವ 125 ಡಾಲರಿಗೆ ಒಪ್ಪಿಕೊಂಡೆ ಎಂದು ಮುಂದೆ ಹೇಳಿದಳು. ಹಾಡಿನ ತಿರುಳು ಇಷ್ಟೆ: ಹೆಂಗಸರನ್ನು ದೂರುವ ಮುಂಚೆ, ಮದುವೆಯಾದ ಮೇಲೂ ಒಂಟಿಯಂತೆ ತಿರುಗುವ ಗಂಡಸರನ್ನು ನೋಡಿ. ಎನ್‌ಬಿಸಿ ರೇಡಿಯೊ ನಿಷೇಧ ಹಾಕಿತು. ಜನ ಕೇಳಿದರು. ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಒಂಟಿ ಗಾಯಕಿ ಆಕೆಯಾದಳು.

ಮಟ್ಟು ಎರವಲು ಪಡೆಯುವುದು ನಮಗೇನೂ ಹೊಸತಲ್ಲ. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಓದಿ ಬರುವಾಗ ಅಲ್ಲಿನ ರಂಜನೆಯ ಹಾಡುಗಳ ಗುಂಗನ್ನೂ ತಂದರು. ಸಿಪಾಯಿಗಳ ‘ಟಿಪ್ಪರರಿ’ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯಾಯಿತು, ‘ಕಾನ್‌ಸ್ಟಾಂಟಿನೋಪಲ್’ ಅಕ್ಷರದ ಆಟ ಕೋಳೀಕೆ ರಂಗನಾಯಿತು. ದಾಸರ ಪದದ ಮಟ್ಟಿಗೆ ಹಸೆ ಹಾಡು ಕಟ್ಟಿದ ಅಜ್ಜಿಯರು ಪೇಟೆಯ ಮನೆಗಳಲ್ಲಿ ಬೇಕಾದಷ್ಟಿದ್ದರು.

ಹೀಗಿದ್ದೂ, ಪುಟ್ನಂಜಿ ತಾನೇ ಉತ್ತರವಾಗಿ ಹಾಡುವ, ಜನರ ನಾಲಗೆಯ ಮೇಲೆ ನಿಂತ ಪದ ಒಂದೂ ನನ್ನ ಕಿವಿಗೆ ಬಿದ್ದಿಲ್ಲ. ರತ್ನ ಅವಳನ್ನು ಮೆಚ್ಚುತ್ತಾನೆ, ಕೊಂಡಾಡುತ್ತಾನೆ, ದೇವರ ಎದುರು ಪಣಕ್ಕೂ ಇಡುತ್ತಾನೆ. ಹೆಂಡಕ್ಕೆ ಹೋದ ಕೂಲಿಯ ಲೆಕ್ಕ, ಒಲೆ ಹಚ್ಚದ ರಾತ್ರಿ, ದೇವರು ‘ಬಿಡು’ ಎಂದಾಗ ಗಂಡ ಹೂಂ ಅಂದದ್ದು, ಇವೆಲ್ಲ ಅವಳಿಗೆ ಹೇಗೆ ಕಂಡವು? ಇವತ್ತು ಪದ ಕಟ್ಟುವ ಹೆಣ್ಣುಮಕ್ಕಳು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲೊಬ್ಬರು ಪುಟ್ನಂಜಿಯ ಉತ್ತರ ಬರೆಯಲಿ. ಹೊಸ ಮಟ್ಟು ಬೇಡ, ಅನಂತಸ್ವಾಮಿಯವರದೇ ಸಾಕು.